ಕಣ್ಣು ಮುಚ್ಚಬೇಡಿ, ಸೂಜಿಗೆ ದಾರ ಪೋಣಿಸಿ

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರ್ತಿದ್ದ ಒಬ್ಬರಿಗೆ ನಾಲ್ಕನೇ ಸೆಷನ್‌ನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದೆ (ಗುರುತು ಸಿಗಬಾರ್ದು ಅಂತ ವಿವರಗಳನ್ನ ಬದಲಾಯಿಸಿದೀನಿ). ಒಂದು ನಿಮಿಷ ಕಣ್ಣು ಮುಚ್ಕೊಳ್ಳಿ, ಈ ರೂಮಲ್ಲಿ ಏನೇನಿದೆ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ಟೇಬಲ್ ಇದೆ ಮೇಡಂ, ಕಿಟಕಿ ಇರ್ಬೇಕು ಅನ್ಸತ್ತೆ" ಅಂದ್ರು. ಮೂರು ವಾರದಿಂದ ಆ ಕಿಟಕಿಗೆ ಮುಖ ಮಾಡಿಯೇ ಕೂತಿದ್ರು ಅವರು. ಅದೇ ಮನುಷ್ಯ ಆವತ್ತು ಒಳಗೆ ಬಂದು ಕೂತ ತಕ್ಷಣ "ನಿಮಗೆ ಇವತ್ತು ಏನೋ ಬೇಜಾರಾಗಿದೆ ಅಲ್ವಾ" ಅಂತ ಕೇಳಿದ್ರು, ಅದು ನಿಜಾನೂ ಆಗಿತ್ತು. ತಮ್ಮ ಆಫೀಸಲ್ಲಿ ಇನ್ನೊಂದು ವರ್ಷಕ್ಕೆ ಯಾವ ಟೀಮ್ ಒಡೆದು ಹೋಗತ್ತೆ, ಯಾಕೆ ಒಡೆಯತ್ತೆ ಅಂತ ಎಳೆ ಎಳೆಯಾಗಿ ಬಿಡಿಸಿ ಹೇಳೋರು, ಕಿಟಕಿ ಮಾತ್ರ ಕಂಡಿರ್ಲಿಲ್ಲ.

ಇಂಥೋರು ನನ್ನ ಹತ್ರ ತುಂಬಾ ಜನ ಬರ್ತಾರೆ. ಬಂದು ಹೇಳೋದೂ ಹೆಚ್ಚುಕಮ್ಮಿ ಒಂದೇ ಮಾತು, "ನಾನು ಎಲ್ಲೂ ಪೂರ್ತಿ ಇರಲ್ಲ, ಮಗು ಜೊತೆ ಆಡುವಾಗ್ಲೂ ಇರಲ್ಲ, ಊಟ ಮಾಡುವಾಗ್ಲೂ ಇರಲ್ಲ, ಜೀವನ ನನ್ನ ಪಕ್ಕದಲ್ಲೇ ಹಾದು ಹೋಗ್ತಿದೆ". ಈ ಮಾತು ಹೇಳುವಾಗ ಅವರ ಮುಖದಲ್ಲಿರೋ ಸಂಕಟ ನೋಡಿದ್ರೆ ಗೊತ್ತಾಗತ್ತೆ ಇದು ಸುಮ್ನೆ ಮರೆವಿನ ವಿಷಯ ಅಲ್ಲ ಅಂತ. ಇವರಿಗೆ ಎಲ್ರೂ ಕೊಡೋ ಸಲಹೆ ವರ್ತಮಾನದಲ್ಲಿ ಬದುಕಿ, ಧ್ಯಾನ ಮಾಡಿ ಅಂತ. ನನ್ನ ಅನುಭವದಲ್ಲಿ ಇವರನ್ನ ಶುರುವಲ್ಲೇ ಕಣ್ಣು ಮುಚ್ಚಿ ಕೂರಿಸಿದ್ರೆ ಎಷ್ಟೋ ಸಲ ಉಲ್ಟಾ ಹೊಡೆಯತ್ತೆ. ಇವರು ಈ ಕ್ಷಣಕ್ಕೆ ಬರೋದು ಕೈಯಿಂದ, ಕಣ್ಣು ಬಿಟ್ಟುಕೊಂಡು, ಅದೂ ಒಂದೊಂದು ಚಿಟಿಕೆಯಷ್ಟು.

ಯಾಕೆ ಹೀಗೆ ಅಂತ ಅರ್ಥ ಆಗ್ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಸ್ವಭಾವದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ್ರು. ಅಂತರ್ಮುಖಿ, ಬಹಿರ್ಮುಖಿ ಅಂತ ನಾವೆಲ್ಲ ಇವತ್ತು ಮಾತಾಡೋದಕ್ಕೆ ಆ ಪುಸ್ತಕವೇ ದೊಡ್ಡ ಕಾರಣ. ಅದರಲ್ಲಿ ಮನಸ್ಸು ಕೆಲಸ ಮಾಡೋ ನಾಲ್ಕು ರೀತಿ ಹೇಳ್ತಾರೆ, ಯೋಚನೆ, ಭಾವನೆ, ಇಂದ್ರಿಯಗಳಿಂದ ತಿಳಿಯೋದು, ಮತ್ತೆ ಇಂಟ್ಯೂಷನ್ ಅಂದ್ರೆ ಒಳಗಿನ ಸುಳಿವಿನಿಂದ ತಿಳಿಯೋದು. ಕೊನೇ ಎರಡು ಒಂದಕ್ಕೊಂದು ಎದುರುಬದುರು. ಇಂದ್ರಿಯ ಚುರುಕಾಗಿರೋರು ಎದುರಿಗೆ ಏನಿದೆ ಅಂತ ನೋಡ್ತಾರೆ, ಇಂಟ್ಯೂಷನ್ ಚುರುಕಾಗಿರೋರು ಇದರ ಹಿಂದೆ ಏನಿದೆ, ಇದು ಮುಂದೆ ಎಲ್ಲಿಗೆ ಹೋಗತ್ತೆ ಅಂತ ನೋಡ್ತಾರೆ. ಒಂದು ಬಲವಾದಷ್ಟೂ ಇನ್ನೊಂದು ಪಳಗದೇ ಉಳಿಯತ್ತೆ ಅನ್ನೋದು ಯೂಂಗ್ ವಾದ. ಆಮೇಲೆ ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಮತ್ತೆ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಇದನ್ನ ಪ್ರಶ್ನಾವಳಿ ಮಾಡಿದ್ರು, ಅದರಿಂದ ಬಂದಿದ್ದೇ ಐಎನ್‌ಎಫ್‌ಜೆ, ಐಎನ್‌ಟಿಜೆ ಅನ್ನೋ ನಾಲ್ಕಕ್ಷರದ ಹೆಸರುಗಳು. ಇದರಲ್ಲಿ ಐ ಅಂದ್ರೆ ಅಂತರ್ಮುಖಿ, ಎನ್ ಅಂದ್ರೆ ಇಂಟ್ಯೂಷನ್. ನಾನು ಈಗ ಹೇಳ್ತಿರೋದು ಮುಖ್ಯವಾಗಿ ಈ ಎರಡು ಗುಂಪಿನೋರ ಬಗ್ಗೆ.

ಇಲ್ಲೊಂದು ಮಾತು ಹೇಳದಿದ್ರೆ ತಪ್ಪಾಗತ್ತೆ. ಈ ನಾಲ್ಕಕ್ಷರ ರೋಗನಿರ್ಣಯ ಅಲ್ಲ, ಕೆಲವು ವಾರ ಬಿಟ್ಟು ಅದೇ ಟೆಸ್ಟ್ ಮತ್ತೆ ತಗೊಂಡ್ರೆ ಎಷ್ಟೋ ಜನಕ್ಕೆ ಅಕ್ಷರ ಬದಲಾಗತ್ತೆ, ಸಂಶೋಧಕರು ಹೆಚ್ಚಾಗಿ ಬಳಸೋದು ಬಿಗ್ ಫೈವ್ ಅನ್ನೋ ಬೇರೆ ಅಳತೆ. ನಾನು ಇದನ್ನ ಮಾತಾಡೋಕೆ ಒಂದು ಭಾಷೆ ಅಂತ ಮಾತ್ರ ಇಟ್ಕೊಂಡಿದೀನಿ. ಬರೋರು ತಮ್ಮನ್ನ ಆ ಭಾಷೇಲಿ ಗುರುತಿಸ್ಕೊಂಡ್ರೆ ಅಲ್ಲಿಂದಲೇ ಶುರು ಮಾಡ್ತೀನಿ, ಅಷ್ಟೇ.

ಈಗ ಧ್ಯಾನದ ವಿಷಯ. ಇದನ್ನ ದೂರ್ತಿಲ್ಲ, ನಾನೇ ಕಲಿಸ್ತೀನಿ. ಜಾನ್ ಕಬಾಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲ್‌ನಲ್ಲಿ ಶುರು ಮಾಡಿದ ಎಂಟು ವಾರದ ಮೈಂಡ್‌ಫುಲ್‌ನೆಸ್, ಅಂದ್ರೆ ಈ ಕ್ಷಣದಲ್ಲಿ ಗಮನ ಇಡೋದನ್ನ ಕಲಿಸೋ ಕಾರ್ಯಕ್ರಮದಿಂದ ನೋವು, ಒತ್ತಡ ಇರೋ ಎಷ್ಟೋ ಜನಕ್ಕೆ ಉಪಯೋಗ ಆಗಿದೆ. ಆದ್ರೆ ಒಳಗೇ ಮನೆ ಮಾಡ್ಕೊಂಡಿರೋರಿಗೆ ಕಣ್ಣು ಮುಚ್ಚಿ ಒಳಗೆ ನೋಡು ಅಂದ್ರೆ ಏನಾಗತ್ತೆ? ಈಜೋಕೆ ಬರೋರನ್ನ ನೀರಿಗೆ ಬಿಟ್ಟ ಹಾಗೆ, ಆರಾಮಾಗಿ ದೂರ ಹೋಗ್ಬಿಡ್ತಾರೆ. ಉಸಿರನ್ನ ಗಮನಿಸಿ ಅಂದ್ರೆ ಎರಡು ಉಸಿರು ಗಮನಿಸಿ ಮೂರನೇ ಉಸಿರಿಗೆ ಉಸಿರು ಅಂದ್ರೇನು, ಸಾವು ಅಂದ್ರೇನು, ಅಪ್ಪ ಕೊನೇ ದಿನಗಳಲ್ಲಿ ಹೇಗೆ ಉಸಿರಾಡ್ತಿದ್ರು ಅಂತ ಹೊರಟಿರ್ತಾರೆ. ಅರ್ಧ ಗಂಟೆ ಆದ್ಮೇಲೆ ಕಣ್ಣು ಬಿಟ್ಟು ತುಂಬಾ ಆಳವಾಗಿತ್ತು ಮೇಡಂ ಅಂತಾರೆ. ಆಳವಾಗಿ ಇದ್ದಿದ್ದು ನಿಜ, ಇಲ್ಲಿ ಇರ್ಲಿಲ್ಲ. ಈ ಕ್ಷಣ ಅನ್ನೋದೇ ಇವರ ತಲೆಯಲ್ಲಿ ಇನ್ನೊಂದು ಐಡಿಯಾ ಆಗ್ಬಿಡತ್ತೆ, ಅದರ ಬಗ್ಗೆ ಚಂದವಾಗಿ ಮಾತಾಡ್ತಾರೆ ಕೂಡ.

ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದೀನಿ. ಒಬ್ಬ ಹುಡುಗಿಗೆ ಇಪ್ಪತ್ತು ನಿಮಿಷದ ಬಾಡಿ ಸ್ಕ್ಯಾನ್, ಅಂದ್ರೆ ಕಣ್ಣು ಮುಚ್ಚಿ ದೇಹದ ಒಂದೊಂದೇ ಭಾಗಕ್ಕೆ ಗಮನ ಕೊಡೋ ಧ್ಯಾನ ಮಾಡಿಸಿದೆ, ಮುಗಿದಾಗ ಅವಳು ತನ್ನ ಕೈ ನೋಡ್ಕೊಂಡು "ಇದು ನಂದು ಅಂತ ಅನ್ನಿಸ್ತಿಲ್ಲ" ಅಂದ್ಲು. ಅವಳು ಮೊದಲೇ ದೇಹದಿಂದ ದೂರ ಇದ್ಲು, ನಾನು ಇನ್ನೂ ದೂರ ಕಳಿಸಿದ್ದೆ. ಆವತ್ತು ಅವಳ ಕೈಗೆ ತಣ್ಣೀರಿನ ಲೋಟ ಕೊಟ್ಟು, ಕಾಲನ್ನ ನೆಲಕ್ಕೆ ಒತ್ತಿಸಿ, ರೂಮಲ್ಲಿರೋ ನೀಲಿ ಬಣ್ಣದ ವಸ್ತುಗಳನ್ನ ಒಂದೊಂದಾಗಿ ಹೆಸರಿಸಿ ಅಂತ ಹೇಳಿ ವಾಪಸ್ ಕರ್ಕೊಂಡು ಬರೋಕೆ ಕಾಲು ಗಂಟೆ ಹಿಡೀತು. ಅವತ್ತಿಂದ ಯಾರಿಗೂ ಮೊದಲ ದಿನವೇ ಕಣ್ಣು ಮುಚ್ಚಿ ಅಂತ ಹೇಳಿಲ್ಲ.

ಈಗ ನನ್ನ ಡ್ರಾಯರ್‌ನಲ್ಲಿ ಒಂದು ಡಬ್ಬಿ ಇದೆ. ಸೂಜಿ, ದಾರದ ಉಂಡೆ, ಬಟ್ಟೆ ತುಂಡು, ಬೇರೆ ಬೇರೆ ಸೈಜಿನ ಗುಂಡಿಗಳು. ಕಿಟಕಿ ಕಾಣದ ಆ ಕ್ಲೈಂಟ್‌ಗೆ ಇದನ್ನ ಕೊಟ್ಟು ಒಂದು ಗುಂಡಿ ಹೊಲಿದು ಕೊಡಿ, ಈಗ ಮಾತು ಬೇಡ ಅಂದೆ. ದಾರದ ತುದಿ ಸೀಳಿತ್ತು, ಹಾಗೇ ತೂರಿಸೋಕೆ ಹೋದ್ರು, ಒಂದು ಎಳೆ ಒಳಗೆ ಹೋಯ್ತು ಇನ್ನೊಂದು ಹೊರಗೇ ಉಳೀತು. ಮತ್ತೆ ಅದೇ ಆಯ್ತು. ಮೂರನೇ ಸಲ ತುದಿಯನ್ನ ತುಟಿಗೆ ತಾಗಿಸಿ ಒದ್ದೆ ಮಾಡಿದ್ರು, ಬೆರಳಲ್ಲಿ ಹೊಸೆದ್ರು, ಸೂಜಿ ಎತ್ತಿ ಬೆಳಕಿಗೆ ಹಿಡಿಯೋಕೆ ತಿರುಗಿದ್ರು, ತಿರುಗಿದ್ದು ಕಿಟಕಿ ಕಡೆಗೆ! ಉಸಿರು ಕಟ್ಟಿ ಹಿಡ್ಕೊಂಡಿದ್ರು, ದಾರ ಒಳಗೆ ಹೋದ ತಕ್ಷಣ ಆ ಉಸಿರು ಸದ್ದು ಮಾಡಿಕೊಂಡು ಹೊರಗೆ ಬಂತು. ಉಸಿರನ್ನ ಗಮನಿಸಿ ಅಂತ ನಾನು ಹೇಳಿರ್ಲಿಲ್ಲ, ಅವರಾಗೇ ಗಮನಿಸಿದ್ರು, "ಅರೆ, ನಾನು ಉಸಿರೇ ಆಡ್ತಿರ್ಲಿಲ್ಲ" ಅಂದ್ರು.

ಸೂಜೀಲಿ ಮಾಯ ಮಂತ್ರ ಏನಿಲ್ಲ. ವ್ಯತ್ಯಾಸ ಏನಂದ್ರೆ ತಲೆಯೊಳಗಿನ ಯೋಚನೆಗೆ ಎದುರು ಹೇಳೋರು ಯಾರೂ ಇರಲ್ಲ, ಅದು ಹೇಗೆ ಬೇಕಾದ್ರೂ ಬೆಳೀಬಹುದು. ಸೂಜಿ ಹಾಗಲ್ಲ, ಗಮನ ಒಂಚೂರು ಜಾರಿದ್ರೂ ದಾರ ಪಕ್ಕಕ್ಕೆ ಹೋಗತ್ತೆ, ಇಲ್ಲಾಂದ್ರೆ ಬೆರಳಿಗೆ ಚುಚ್ಚತ್ತೆ. ಕೈಲಿರೋ ವಸ್ತು ತಕ್ಷಣ ಉತ್ತರ ಕೊಡಬೇಕು, ನಾನು ಕೆಲಸ ಆರಿಸುವಾಗ ನೋಡೋದು ಅದೊಂದನ್ನೇ. ಹಗ್ಗದ ಗಂಟು ಬಿಚ್ಚೋದು, ಪೆನ್ಸಿಲ್‌ನ ಬ್ಲೇಡಲ್ಲಿ ಚೂಪು ಮಾಡೋದು, ಅಂಚಿನ ತನಕ ತುಂಬಿದ ಲೋಟ ಚೆಲ್ಲದ ಹಾಗೆ ಹಿಡ್ಕೊಂಡು ನಡೆಯೋದು, ಯಾವುದಾದ್ರೂ ಸರಿ. ನಡಿಗೆ ಒಂದೇ ಸಾಲದು, ಯಾಕಂದ್ರೆ ಇವರು ನಡೀತಾ ನಡೀತಾ ಇನ್ನೂ ಚೆನ್ನಾಗಿ ಯೋಚ್ನೆ ಮಾಡ್ತಾರೆ.

ಈ ಕೈಕೆಲಸದ ಹೊತ್ತು ಮಾತ್ರ ಕಮ್ಮಿ ಇರ್ಲಿ, ಮೂರು ನಿಮಿಷ, ಜಾಸ್ತಿ ಅಂದ್ರೆ ಐದು. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಇವರು ಯಾವುದನ್ನ ಮಾಡಿದ್ರೂ ಪೂರ್ತಿ ಮಾಡ್ಬೇಕು ಅನ್ನೋ ಜಾತಿ. ಪಳಗದ ಇಂದ್ರಿಯ ಅಂದ್ರೆ ಚಿಕ್ಕ ಮಗು ಇದ್ದ ಹಾಗೆ, ದಿನಗಟ್ಟಲೆ ಮೂಲೇಲಿ ಕೂರಿಸಿಟ್ರೆ ಒಂದು ದಿನ ರೊಚ್ಚಿಗೇಳತ್ತೆ. ತುಂಬಾ ಒತ್ತಡ ಬಿದ್ದಾಗ ಇದೇ ಶಾಂತ ಜನ ಹೊಟ್ಟೆ ಬಿರಿಯೋ ಹಾಗೆ ತಿಂತಾರೆ, ರಾತ್ರಿಯಿಡೀ ಸೀರೀಸ್ ನೋಡ್ತಾರೆ, ಬೇಕಿಲ್ಲದ್ದನ್ನೆಲ್ಲ ಆರ್ಡರ್ ಮಾಡ್ತಾರೆ, ಇಲ್ಲ ಒಂದೇ ವಾರದಲ್ಲಿ ಜಿಮ್‌ಗೆ ಹೋಗಿ ಬೆನ್ನು ಹಿಡಿಸ್ಕೊಳ್ತಾರೆ, ಆಮೇಲೆ ನಾಚಿಕೆ ಪಟ್ಕೊಂಡು ಮತ್ತೆ ತಲೆಯೊಳಗೆ ಹೋಗಿ ಬಾಗಿಲು ಹಾಕ್ಕೊಳ್ತಾರೆ. ಈ ನಾಚಿಕೆ ನೋಡಿದಾಗ ನಂಗೆ ತುಂಬಾ ಸಂಕಟ ಆಗತ್ತೆ. ಅದು ಚಟ ಅಲ್ಲ, ಕೆಟ್ಟತನ ಅಲ್ಲ, ಹಸಿದ ಇಂದ್ರಿಯಗಳು ಸಿಕ್ಕಿದ್ದನ್ನ ಬಾಚ್ಕೊಳ್ತಿವೆ ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಕೊಡ್ತಾ ಬಂದ್ರೆ ಆ ಬಾಚ್ಕೊಳ್ಳೋದು ಕಮ್ಮಿ ಆಗೋದನ್ನ ನಾನು ಎಷ್ಟೋ ಜನರಲ್ಲಿ ನೋಡಿದೀನಿ.

ಬೋರ್ ಆಗತ್ತೆ ಅಂತಾರೆ. ಆಗತ್ತೆ. ಎದುರಿಗಿರೋ ಕಪ್ ಬರೀ ಕಪ್ ಆಗಿದ್ರೆ ಇವರಿಗೆ ಅದರಲ್ಲಿ ರುಚಿ ಇಲ್ಲ. ಇದಕ್ಕೆ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಹೇಳೋ ದಾರಿ ಚೆನ್ನಾಗಿ ಹೊಂದತ್ತೆ. ಅವರ ಪ್ರಕಾರ ಮೈಂಡ್‌ಫುಲ್ ಆಗಿರೋದು ಅಂದ್ರೆ ಹೊಸದನ್ನ ಗುರುತಿಸ್ತಾ ಇರೋದು, ಅದಕ್ಕೆ ಧ್ಯಾನವೇ ಬೇಕು ಅಂತಿಲ್ಲ. ಹಾಗಾಗಿ ಶಾಂತವಾಗಿರಿ ಅನ್ನಲ್ಲ ನಾನು, ದಿನಾ ನೋಡೋ ವಸ್ತುವಲ್ಲಿ ಇಲ್ಲೀವರೆಗೂ ನೋಡಿರದ ಮೂರು ಸಂಗತಿ ಹುಡುಕಿ ಅಂತೀನಿ. ಹಿಡಿಯ ಹತ್ರ ಗ್ಲೇಜ್ ಎಲ್ಲಿ ತೆಳುವಾಗಿದೆ, ಒಂದು ಕಡೆ ಯಾಕೆ ಸವೆದಿದೆ. ಹುಡುಕೋದು ಅಂದ್ರೆ ಇವರಿಗೆ ಖುಷಿ, ಆ ಖುಷಿಯನ್ನೇ ಕಣ್ಣಿನ ಜೊತೆ ಕಳಿಸೋದು.

ಕಿವಿಗೆ ಒಂದು ಅಭ್ಯಾಸ ಇದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ 1990ರಲ್ಲಿ ಪರಿಚಯಿಸಿದ ಅಟೆನ್ಷನ್ ಟ್ರೈನಿಂಗ್, ಸುಮಾರು 12 ನಿಮಿಷದ್ದು. ಮೊದಲು ಒಂದೇ ಸದ್ದಿಗೆ ಕಿವಿ ಕೊಡೋದು, ಆಮೇಲೆ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ದಾಟೋದು, ಕೊನೆಗೆ ಎಲ್ಲ ಸದ್ದನ್ನೂ ಒಟ್ಟಿಗೆ ಕೇಳಿಸ್ಕೊಳ್ಳೋದು, ಕಣ್ಣು ತೆರೆದು ಒಂದು ಕಡೆ ನೆಟ್ಟಿರ್ಬೇಕು. ಗಾಬರಿ ಆದಾಗ ಸಮಾಧಾನಕ್ಕೆ ಅಂತ ಮಾಡೋದಲ್ಲ ಇದು, ಮನಸ್ಸು ಸರಿ ಇರುವಾಗ್ಲೇ ಗಮನಕ್ಕೆ ಕೊಡೋ ವ್ಯಾಯಾಮ. ಫ್ಯಾನು, ಹೊರಗಿನ ಗಾಡಿ, ಪಕ್ಕದ ಮನೆ ಪಾತ್ರೆ, ಇವೇ ಸಾಕು.

ಇನ್ನು ದೇಹದ ಒಳಗಿನ ಸುದ್ದಿ. ಹಸಿವು, ಬಾಯಾರಿಕೆ, ಚಳಿ, ಬಾತ್‌ರೂಮ್‌ಗೆ ಹೋಗ್ಬೇಕು ಅನ್ನೋದು, ಇದನ್ನ ಗ್ರಹಿಸೋದಕ್ಕೆ ಇಂಟರೋಸೆಪ್ಶನ್ ಅಂತಾರೆ, ಮಿದುಳಿನ ಇನ್ಸುಲಾ ಅನ್ನೋ ಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರ ಇದೆ. ನನ್ನ ಹತ್ರ ಬರೋ ಈ ಸ್ವಭಾವದೋರಲ್ಲಿ ತಲೆನೋವು ಬಂದ್ಮೇಲೇ ಬೆಳಗ್ಗೆಯಿಂದ ನೀರು ಕುಡಿದಿಲ್ಲ ಅಂತ ಗೊತ್ತಾಗೋರು ತುಂಬಾ ಜನ. ಇದಕ್ಕೆ ಫೋನಲ್ಲಿ ಅಲಾರಂ ಇಟ್ರೆ ಕೆಲಸ ಆಗಲ್ಲ, ಯೋಚನೆ ಮಧ್ಯೆನೇ ಕೈ ಹೋಗಿ ಅದನ್ನ ಆರಿಸಿ ಬಂದಿರತ್ತೆ. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು ಇದು ಆದಾಗ ಅದು ಮಾಡ್ತೀನಿ ಅಂತ ಮೊದಲೇ ಗಂಟು ಹಾಕೋ ಕ್ರಮ ಹೇಳಿದಾರೆ, ಅದು ಇಲ್ಲಿ ಕೆಲಸಕ್ಕೆ ಬರತ್ತೆ. ಉದಾಹರಣೆಗೆ, ಬಾಗಿಲ ಹಿಡಿ ಮುಟ್ಟಿದಾಗ ಅದು ತಣ್ಣಗಿದೆಯಾ ಬೆಚ್ಚಗಿದೆಯಾ ನೋಡ್ತೀನಿ, ಆಮೇಲೆ ಹೊಟ್ಟೆ ಗಂಟಲು ಏನು ಹೇಳ್ತಿವೆ ಕೇಳ್ತೀನಿ. ದಿನಕ್ಕೆ ಎಷ್ಟು ಬಾಗಿಲು ತೆಗೀತೀವಿ ಅಂತ ಲೆಕ್ಕ ಹಾಕಿ ನೋಡಿ.

ಇಂಟ್ಯೂಷನ್‌ನ ಶತ್ರು ಮಾಡ್ಕೋಬೇಡಿ. ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತೆ ಡೇನಿಯಲ್ ಗಿಲ್ಬರ್ಟ್ 2010ರಲ್ಲಿ 2,250 ವಯಸ್ಕರನ್ನ ಫೋನ್ ಮೂಲಕ ಆಗಾಗ ಕೇಳಿ ಮಾಡಿದ ಅಧ್ಯಯನದಲ್ಲಿ, ಕೇಳಿದ ಹೊತ್ತಲ್ಲಿ ಶೇ. 46.9ರಷ್ಟು ಸಲ ಮನಸ್ಸು ಬೇರೆ ಕಡೆ ಇತ್ತು. ಅಂದ್ರೆ ಅಲೆಯೋದು ಎಲ್ಲರ ಮನಸ್ಸಿನ ಗುಣ, ನಿಮ್ಮೊಬ್ಬರ ದೋಷ ಅಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು, ಚಂದದ ವಿಷಯ ಯೋಚಿಸ್ತಿದ್ದೋರೂ ಮಾಡೋ ಕೆಲಸದಲ್ಲೇ ಮನಸ್ಸಿಟ್ಟೋರಿಗಿಂತ ಹೆಚ್ಚು ಸಂತೋಷವಾಗಿ ಇರ್ಲಿಲ್ಲ. ಕಲ್ಪನೆಯಲ್ಲೇ ಸುಖ ಇದೆ ಅಂತ ನಂಬಿದೋರಿಗೆ ಈ ಮಾತು ತೋರಿಸಿದ್ರೆ ಸ್ವಲ್ಪ ಹೊತ್ತು ಮಾತೇ ಆಡಲ್ಲ. ಆದ್ರೂ ಬಂದ ಹೊಳಹನ್ನ ಓಡಿಸ್ಬೇಕಿಲ್ಲ. ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್ ಇರ್ಲಿ, ಎರಡೇ ಪದ ಬರೆದಿಟ್ಟು ಕೈಲಿರೋ ಕೆಲಸಕ್ಕೆ ವಾಪಸ್ ಬನ್ನಿ, ಸಂಜೆ ಅದಕ್ಕೆ ಅಂತಲೇ ಅರ್ಧ ಗಂಟೆ ಕೊಡಿ. ಕಳೆದು ಹೋಗಲ್ಲ ಅಂತ ಗ್ಯಾರಂಟಿ ಸಿಕ್ಕಿದ್ರೆ ಮನಸ್ಸು ತಾನಾಗೇ ಬಿಡತ್ತೆ.

ಒಂದು ಎಚ್ಚರಿಕೆ. ಸುತ್ತಲಿನ ಜಗತ್ತು ನಿಜವೇ ಅಲ್ಲ ಅನ್ನೋ ಹಾಗೆ ಅನ್ನಿಸೋದು, ನನ್ನನ್ನ ನಾನೇ ಹೊರಗಿಂದ ನೋಡ್ತಿದೀನಿ ಅನ್ನಿಸೋದು, ಹಳೇ ಆಘಾತದ ನೆನಪು ಬಂದು ಮರಗಟ್ಟೋದು, ವಾರಗಟ್ಟಲೆ ಯಾವುದೂ ಬೇಡ ಅನ್ನಿಸೋದು, ಇವೆಲ್ಲ ಸ್ವಭಾವ ಅಲ್ಲ. ನಾನು ಐಎನ್‌ಎಫ್‌ಜೆ, ಅದಕ್ಕೇ ಹೀಗೆ ಅಂತ ಸುಮ್ಮನಿರಬೇಡಿ ದಯವಿಟ್ಟು, ಮನೋವೈದ್ಯರನ್ನ ನೋಡಿ.

ಮನೆಯೋರಿಗೂ ಒಂದು ಮಾತು. ಮುಖದ ಮುಂದೆ ಚಿಟಿಕೆ ಹೊಡೆದು "ಎಲ್ಲಿದೀಯ? ಏನು ಹೇಳಿದೆ ಹೇಳು ನೋಡೋಣ" ಅಂತ ಪರೀಕ್ಷೆ ಮಾಡಿದ್ರೆ ಅವರು ಇನ್ನೂ ಒಳಗೆ ಹೋಗ್ತಾರೆ. ಮಾತಿಂದ ಕರೀಬೇಡಿ, ಕೈಗೆ ಏನಾದ್ರೂ ಕೊಡಿ. ಒಬ್ಬ ತಾಯಿ ತಮ್ಮ ಹದಿನೇಳು ವರ್ಷದ ಮಗನ ವಿಷಯಕ್ಕೆ ಬಂದಿದ್ರು, ಮಾತಾಡ್ಸಿದ್ರೆ ಉತ್ತರ ಇಲ್ಲ, ಮನೇಲಿದ್ದೂ ಇಲ್ಲದ ಹಾಗೆ ಅಂತ ಅಳ್ತಿದ್ರು. ಒಣಗಿದ ಬೆಡ್‌ಶೀಟ್ ಮಡಚೋವಾಗ ಒಂದು ತುದಿ ಅವನ ಕೈಗೆ ಕೊಡಿ, ಏನೂ ಕೇಳಬೇಡಿ ಅಂದೆ. ಎರಡು ವಾರ ಆದ್ಮೇಲೆ ಬಂದು ಹೇಳಿದ್ರು, ಮೊದಲನೇದು ಸೊಟ್ಟ ಸೊಟ್ಟ ಆಯ್ತಂತೆ, ಅವನು ಹಿಡಿದಿದ್ದ ಮೂಲೆ ಜಾರಿ ಬಿತ್ತಂತೆ, ಇವರು ಏನೂ ಅನ್ನದೇ ಕಾದ್ರಂತೆ. ಎರಡನೇದಕ್ಕೆ ಇವರು ಎಳೆದಾಗ ಅವನೂ ಎಳೆದ, ಮೂಲೆಗೆ ಮೂಲೆ ಕೂಡಿಸಿಕೊಂಡು ಹತ್ರ ಬಂದ, ಬೆರಳಿಗೆ ಬೆರಳು ತಾಗ್ತು. ಮೂರನೇ ಬೆಡ್‌ಶೀಟ್ ಬುಟ್ಟಿಯಿಂದ ಎತ್ತಿ ಅಮ್ಮನ ಕಡೆ ತುದಿ ಚಾಚಿದ್ದು ಅವನೇ.