ಪುಸ್ತಕ ಮೊದಲಾ, ಸಿನಿಮಾ ಮೊದಲಾ? ವೈಜ್ಞಾನಿಕ ಸಿನಿಮಾಗಳಿಂದ ಬಂದ ಕಾದಂಬರಿಗಳ ಟಿಪ್ಪಣಿ

ಸಿನಿಮಾ ಮತ್ತು ಸಾಹಿತ್ಯ ಎರಡನ್ನೂ ಜೊತೆಗಿಟ್ಟು ಓದುತ್ತಿರುವವರಿಗೆ ಈ ಟಿಪ್ಪಣಿ. ನಾವೆಲೈಸೇಶನ್ ಅಂದರೆ ಸಿನಿಮಾದ ಕಥೆಯನ್ನು ಕಾದಂಬರಿಯಾಗಿ ಬರೆಯುವುದು. ಇಷ್ಟು ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಪುಸ್ತಕ, ಒಂದು ಸಿನಿಮಾ ಎದುರಿಗಿದ್ದರೆ ಯಾವುದು ಯಾವುದರಿಂದ ಬಂತು ಅಂತ ಹೇಗೆ ಹೇಳುವುದು? ನಾನು ಹೆಚ್ಚು ಹೊತ್ತು ಒದ್ದಾಡಿದ್ದು ಇಲ್ಲೇ. ಹಾಗಾಗಿ ಇದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಕನ್ನಡದಲ್ಲಿ ನಮಗೆ ಅಭ್ಯಾಸವಾಗಿರುವುದು ಕಾದಂಬರಿ ಮೊದಲು, ಸಿನಿಮಾ ಆಮೇಲೆ ಅನ್ನುವ ದಾರಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಇಂಥದ್ದನ್ನೇ ನೋಡಿ ಬೆಳೆದ ನಾವು ಪುಸ್ತಕ ಕಂಡ ಕೂಡಲೇ ಅದೇ ಮೂಲ ಅಂದುಕೊಳ್ಳುತ್ತೇವೆ. ಹಾಲಿವುಡ್‌ನ ವೈಜ್ಞಾನಿಕ ಸಿನಿಮಾಗಳ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ.

ವರ್ಷ ನೋಡಿ ತೀರ್ಮಾನ ಮಾಡಬೇಡಿ

ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಇವೆರಡು ಅರ್ಥವಾದರೆ ಉಳಿದದ್ದು ಸಲೀಸು.

ಮೊದಲನೆಯದು ‘ಫ್ಯಾಂಟಾಸ್ಟಿಕ್ ವಾಯೇಜ್’. ಐಸಾಕ್ ಅಸಿಮೋವ್ ಬರೆದ ಕಾದಂಬರಿ 1966ರ ಮಾರ್ಚ್‌ನಲ್ಲಿ ಬಂತು. ಸಿನಿಮಾ ಬಂದಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಪುಸ್ತಕ ಮೊದಲು ಕೈಗೆ ಸಿಕ್ಕಿತಲ್ಲ, ಜನ ಇದು ಅಸಿಮೋವ್ ಕಾದಂಬರಿ ಆಧರಿಸಿದ ಸಿನಿಮಾ ಅಂತಲೇ ನಂಬಿದರು. ನಡೆದದ್ದು ಬೇರೆ. ಚಿತ್ರಕಥೆ ಮೊದಲೇ ಸಿದ್ಧವಾಗಿತ್ತು. ಅದನ್ನು ಓದಿಕೊಂಡು ಅಸಿಮೋವ್ ಬೇಗ ಬರೆದು ಮುಗಿಸಿದರು, ಸಿನಿಮಾ ತಡವಾಯಿತು.

ಎರಡನೆಯದು ‘2001: ಎ ಸ್ಪೇಸ್ ಒಡಿಸ್ಸಿ’. ಇಲ್ಲಿ ಸಿನಿಮಾ 1968ರ ಏಪ್ರಿಲ್‌ನಲ್ಲಿ ಬಂತು, ಆರ್ಥರ್ ಕ್ಲಾರ್ಕ್ ಹೆಸರಿನಲ್ಲಿ ಪ್ರಕಟವಾದ ಕಾದಂಬರಿ ಕೆಲವು ತಿಂಗಳ ನಂತರ. ಹಾಗಾದರೆ ಇದು ಸಿನಿಮಾ ನೋಡಿ ಬರೆದದ್ದಾ? ಅಲ್ಲ. ಕ್ಲಾರ್ಕ್ ಮತ್ತು ಸಿನಿಮಾದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಸೇರಿ ಕಾದಂಬರಿ, ಚಿತ್ರಕಥೆ ಎರಡನ್ನೂ ಒಟ್ಟೊಟ್ಟಿಗೇ ಬೆಳೆಸಿದರು. ಕ್ಲಾರ್ಕ್ ಅವರ ಹಳೆಯ ಸಣ್ಣಕಥೆಯೊಂದು ಅದಕ್ಕೆ ಬೀಜ.

ಈಗ ನೋಡಿ. ಮೊದಲು ಬಂದ ಪುಸ್ತಕ ಚಿತ್ರಕಥೆಯಿಂದ ಹುಟ್ಟಿದ್ದು. ಆಮೇಲೆ ಬಂದ ಪುಸ್ತಕ ಸಿನಿಮಾದಿಂದ ಹುಟ್ಟಿದ್ದಲ್ಲ. ಅಂದ ಮೇಲೆ ಪ್ರಕಟವಾದ ತಾರೀಕಿನಿಂದ ಮೂಲ ಯಾವುದು ಅಂತ ಗೊತ್ತಾಗುವುದಿಲ್ಲ.

ಪುಸ್ತಕ ಯಾಕೆ ಮೊದಲೇ ಬರುತ್ತದೆ? ಇದರ ಉತ್ತರ ಸಿಕ್ಕ ಮೇಲೆ ನನಗೆ ಇಡೀ ವಿಷಯ ಬಿಡಿಸಿಕೊಂಡಿತು. ಕಾದಂಬರಿಕಾರರ ಕೈಗೆ ಸಿಗುವುದು ಚಿತ್ರಕಥೆ. ಮುಗಿದ ಸಿನಿಮಾವನ್ನು ಅವರು ನೋಡಿರುವುದೇ ಇಲ್ಲ. ಬಿಡುಗಡೆಯ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿ ಇರಬೇಕು ಅಂದರೆ ಅಚ್ಚಿಗೆ ಮೊದಲೇ ಹೋಗಬೇಕಲ್ವಾ? ಹಾಗಾಗಿ ಶೂಟಿಂಗ್, ಎಡಿಟಿಂಗ್ ನಡೆಯುತ್ತಿರುವಾಗಲೇ ಇವರು ಬರೆಯಲು ಕೂತಿರುತ್ತಾರೆ. ಪುಸ್ತಕವನ್ನೂ ಸಿನಿಮಾವನ್ನೂ ತಂದೆ-ಮಗ ಅಂದುಕೊಳ್ಳುವ ಬದಲು ಒಂದೇ ಚಿತ್ರಕಥೆಗೆ ಹುಟ್ಟಿದ ಅಣ್ಣ-ತಮ್ಮ ಅಂದುಕೊಂಡರೆ ಸರಿಹೋಗುತ್ತದೆ. ಯಾರು ಮೊದಲು ಹೊರಗೆ ಬಂದರು ಅನ್ನುವುದು ಆಮೇಲಿನ ಮಾತು.

‘ಸ್ಟಾರ್ ವಾರ್ಸ್’ ಪುಸ್ತಕವೂ ಹೀಗೆಯೇ. ಅದು 1976ರ ನವೆಂಬರ್‌ನಲ್ಲಿ ಬಂತು, ಸಿನಿಮಾ 1977ರ ಮೇ 25ಕ್ಕೆ. ಮುಖಪುಟದಲ್ಲಿ ನಿರ್ದೇಶಕ ಜಾರ್ಜ್ ಲ್ಯೂಕಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. ಈ ಫಾಸ್ಟರ್ ಹೆಸರನ್ನು ನೆನಪಿಟ್ಟುಕೊಳ್ಳಿ. ‘ಏಲಿಯನ್’, ‘ಏಲಿಯನ್ಸ್’, ‘ದಿ ಥಿಂಗ್’, ‘ದಿ ಬ್ಲ್ಯಾಕ್ ಹೋಲ್’, 2015ರ ‘ದಿ ಫೋರ್ಸ್ ಅವೇಕನ್ಸ್’, ಎಲ್ಲ ಕಾದಂಬರಿಗಳೂ ಅವರವೇ.

ಪುಸ್ತಕಕ್ಕೂ ಸಿನಿಮಾಕ್ಕೂ ವ್ಯತ್ಯಾಸ ಕಂಡರೆ

ಕಾದಂಬರಿಕಾರ ತನಗೆ ತೋಚಿದಂತೆ ಬದಲಾಯಿಸಿದ ಅಂತ ಥಟ್ಟನೆ ಬರೆಯಬೇಡಿ. ಮೂರು ಸಾಧ್ಯತೆಗಳಿವೆ.

ಚಿತ್ರಕಥೆಯಲ್ಲಿದ್ದ ದೃಶ್ಯ ಎಡಿಟಿಂಗ್‌ನಲ್ಲಿ ಹೋಗಿರಬಹುದು. ‘ಏಲಿಯನ್’ ಪುಸ್ತಕದಲ್ಲಿ ಕ್ಯಾಪ್ಟನ್ ಡಾಲಸ್ ಗೂಡಿನಂಥ ಅಂಟಿನಲ್ಲಿ ಸಿಕ್ಕಿಕೊಂಡು ನನ್ನನ್ನು ಕೊಂದುಬಿಡು ಅಂತ ನೌಕೆಯ ಸಹೋದ್ಯೋಗಿ ರಿಪ್ಲಿಯನ್ನು ಬೇಡುತ್ತಾನೆ. 1979ರಲ್ಲಿ ಸಿನಿಮಾ ನೋಡಿದವರಿಗೆ ಇದು ಕಾಣಲಿಲ್ಲ. 2003ರ ನಿರ್ದೇಶಕರ ಆವೃತ್ತಿಯಲ್ಲಿ ಆ ದೃಶ್ಯ ಮರಳಿ ಬಂತು. ಅಲ್ಲಿಯವರೆಗೆ ಥಿಯೇಟರಿನಲ್ಲಿ ಮಾತ್ರ ಸಿನಿಮಾ ನೋಡಿದ ಓದುಗರಿಗೆ ಅದು ಇದ್ದದ್ದು ಪುಸ್ತಕದಲ್ಲೇ. ‘ಸ್ಟಾರ್ ವಾರ್ಸ್’ನಲ್ಲಿ ಹಾನ್ ಸೋಲೋ ಜಬ್ಬಾನನ್ನು ಭೇಟಿಯಾಗುವ ದೃಶ್ಯದ್ದೂ ಇದೇ ಕಥೆ. ಪುಸ್ತಕದಲ್ಲಿ 1976ರಿಂದಲೂ ಇದೆ, ತೆರೆಗೆ ಬಂದದ್ದು 1997ರಲ್ಲಿ.

ಇಲ್ಲವೇ ಪುಸ್ತಕ ಹಳೆಯದರಲ್ಲೇ ನಿಂತು ಸಿನಿಮಾ ಬದಲಾಗಿರಬಹುದು. ‘ಸ್ಟಾರ್ ವಾರ್ಸ್’ನ ನಾಯಕ ಲ್ಯೂಕ್ ಯುದ್ಧನೌಕೆ ಹಾರಿಸುವಾಗ ಅವನ ಗುರುತಿನ ಹೆಸರು ಪುಸ್ತಕದಲ್ಲಿ ‘ಬ್ಲೂ ಫೈವ್’, ಸಿನಿಮಾದಲ್ಲಿ ‘ರೆಡ್ ಫೈವ್’. ಮಾದರಿ ವಿಮಾನಗಳನ್ನು ನೀಲಿ ಪರದೆಯ ಮುಂದೆ ಚಿತ್ರಿಸುತ್ತಿದ್ದರು. ಅವುಗಳ ಮೇಲೆ ನೀಲಿ ಪಟ್ಟಿ ಬಳಿದರೆ ಪರದೆಯ ಜೊತೆ ಅದೂ ಮಾಯವಾಗುತ್ತದೆ. ಹಾಗಾಗಿ ಪಟ್ಟಿ ಕೆಂಪಾಯಿತು, ಪಡೆಯ ಹೆಸರೂ ಕೆಂಪಾಯಿತು. ‘2001’ರಲ್ಲೂ ಇಂಥದ್ದೇ ಒಂದಿದೆ. ಕಾದಂಬರಿಯ ನೌಕೆ ಶನಿಗೆ ಹೋಗುತ್ತದೆ, ಸಿನಿಮಾದ್ದು ಗುರುವಿಗೆ. ಶನಿಯ ಬಳೆಗಳನ್ನು ನಂಬುವ ಹಾಗೆ ತೋರಿಸಲು ಆಗಲಿಲ್ಲ ಅನ್ನುವುದೇ ಕಾರಣ. ತಮಾಷೆ ಏನೆಂದರೆ 1982ರಲ್ಲಿ ಮುಂದಿನ ಕಾದಂಬರಿ ಬರೆಯುವಾಗ ಕ್ಲಾರ್ಕ್ ತಮ್ಮ ಶನಿಯನ್ನು ಬಿಟ್ಟು ಸಿನಿಮಾದ ಗುರುವನ್ನೇ ಹಿಡಿದರು!

ಮೂರನೆಯದು ಲೇಖಕರೇ ನಿಜವಾಗಿ ಬದಲಾಯಿಸಿದ್ದು. ನನಗೆ ತುಂಬ ಇಷ್ಟವಾದದ್ದು ಇದು. ಅದಕ್ಕೆ ಮತ್ತೆ ಅಸಿಮೋವ್ ಹತ್ತಿರ ಹೋಗಬೇಕು. ಕಥೆಯಲ್ಲಿ ಒಂದು ಸಬ್‌ಮರೀನನ್ನೂ ಅದರೊಳಗಿನ ಜನರನ್ನೂ ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡಿ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ವಿಜ್ಞಾನಿಯೊಬ್ಬನ ರಕ್ತನಾಳಕ್ಕೆ ಬಿಡುತ್ತಾರೆ. ಅವರಿಗಿರುವುದು 60 ನಿಮಿಷ. ಆಮೇಲೆ ಎಲ್ಲವೂ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಸಿನಿಮಾದ ಕೊನೆಯಲ್ಲಿ ಬಿಳಿ ರಕ್ತಕಣವೊಂದು ಸಬ್‌ಮರೀನನ್ನು ನುಂಗುತ್ತದೆ. ಉಳಿದವರು ಈಜಿಕೊಂಡು ಕಣ್ಣಿನ ಮೂಲಕ ಕಣ್ಣೀರಿನ ಹನಿಯಲ್ಲಿ ಹೊರಗೆ ಬರುತ್ತಾರೆ. ಸರಿ, ಒಳಗೇ ಉಳಿದ ಸಬ್‌ಮರೀನ್ ಏನಾಯಿತು? ನುಂಗಿದ ಮಾತ್ರಕ್ಕೆ ಅದರ ಅಣುಗಳು ಎಲ್ಲಿಗೂ ಹೋಗುವುದಿಲ್ಲ. ಸಮಯ ಮುಗಿದರೆ ಅದೂ ಬೆಳೆಯಬೇಕು, ಆ ವಿಜ್ಞಾನಿಯ ತಲೆ ಉಳಿಯುವುದಿಲ್ಲ. ಸ್ವತಃ ಜೀವರಸಾಯನ ಕಲಿಸುತ್ತಿದ್ದ ಅಸಿಮೋವ್‌ಗೆ ಇದನ್ನು ಹಾಗೇ ಬಿಡಲು ಆಗಲಿಲ್ಲ. ಕಾದಂಬರಿಯಲ್ಲಿ ಅವರ ಪಾತ್ರಗಳು ಆ ಬಿಳಿ ಕಣವನ್ನೇ ತಮ್ಮ ಹಿಂದೆ ಬರುವಂತೆ ಮಾಡಿ, ಅದರ ಹೊಟ್ಟೆಯಲ್ಲಿರುವ ಸಬ್‌ಮರೀನ್ ಸಮೇತ ಹೊರಗೆ ತರುತ್ತವೆ. ಕಥೆಯ ಓಟ ಕೆಡಲಿಲ್ಲ, ತೂತು ಮುಚ್ಚಿತು. ನಾವೆಲೈಸೇಶನ್ ಅಂದರೆ ಸುಮ್ನೆ ನಕಲು ಅನ್ನುವವರಿಗೆ ನಾನು ತೋರಿಸುವುದು ಈ ಪುಟಗಳನ್ನೇ.

ಈ ಮೂರನ್ನು ಬೇರೆ ಮಾಡುವುದು ಹೇಗೆ? ಸಿನಿಮಾದಿಂದ ಕತ್ತರಿಸಿದ ದೃಶ್ಯಗಳನ್ನೂ ಹಳೆಯ ಚಿತ್ರಕಥೆಯ ಕರಡುಗಳನ್ನೂ ನೋಡಿ. ಅಲ್ಲಿ ಸಿಕ್ಕರೆ ಅದು ಲೇಖಕರದ್ದಲ್ಲ.

ಸುಲಭ ದಾರಿ

ಮುಖಪುಟ ಬಿಟ್ಟು ಒಳಗಿನ ಶೀರ್ಷಿಕೆ ಪುಟಕ್ಕೆ ಹೋಗಿ. ‘ಇಂಥವರ ಚಿತ್ರಕಥೆ ಆಧಾರಿತ’ ಅಂತ ಇದ್ದರೆ ನಾವೆಲೈಸೇಶನ್. ಇಲ್ಲದಿದ್ದರೆ ಹಕ್ಕುಸ್ವಾಮ್ಯದ ವರ್ಷ ನೋಡಿ. ಅದು ಸಿನಿಮಾಗಿಂತ ಎಷ್ಟೋ ವರ್ಷ ಹಿಂದಿನದಾದರೆ ಮೂಲ ಕಾದಂಬರಿಗೇ ಹೊಸ ಮುಖಪುಟ ಹಾಕಿದ್ದಾರೆ ಅಂತ ಅರ್ಥ. ಫಿಲಿಪ್ ಕೆ. ಡಿಕ್ ಬರೆದು 1968ರಲ್ಲಿ ಪ್ರಕಟವಾದ ಕಾದಂಬರಿ 1982ರಲ್ಲಿ ‘ಬ್ಲೇಡ್ ರನ್ನರ್’ ಅನ್ನುವ ಹೆಸರಿನಲ್ಲಿ ಮತ್ತೆ ಅಂಗಡಿಗೆ ಬಂದದ್ದು ಹೀಗೆ. ಸಿನಿಮಾ ಕಥೆಯನ್ನು ಹೊಸ ಕಾದಂಬರಿಯಾಗಿ ಬರೆದುಕೊಡಿ ಅಂತ ಕೇಳಿದಾಗ ಡಿಕ್ ಒಪ್ಪಿರಲಿಲ್ಲ. ಅವರದ್ದೇ 1966ರ ಸಣ್ಣಕಥೆಯೊಂದರ ಕಥೆ ಬೇರೆ. ಅದರಿಂದ ‘ಟೋಟಲ್ ರಿಕಾಲ್’ ಚಿತ್ರಕಥೆಯಾಯಿತು, ಆ ಚಿತ್ರಕಥೆಯಿಂದ ಪಿಯರ್ಸ್ ಆಂಥನಿ ಬರೆದ ಕಾದಂಬರಿಯಾಯಿತು. ಇಲ್ಲಿ ಮೂಲವೂ ಇದೆ, ನಾವೆಲೈಸೇಶನ್ನೂ ಇದೆ. ಎರಡನ್ನೂ ಬರೆಯಿರಿ.

ಈ ಯಾವ ದಾರಿಗೂ ಸರಿಯಾಗಿ ಹೊಂದದ್ದು ಒಂದಿದೆ, 1989ರ ‘ದಿ ಅಬಿಸ್’. ಆರ್ಸನ್ ಸ್ಕಾಟ್ ಕಾರ್ಡ್ ಮುಖ್ಯ ಪಾತ್ರಗಳ ಹಿಂದಿನ ಬದುಕಿನ ಬಗ್ಗೆ ಮೊದಲ ಅಧ್ಯಾಯಗಳನ್ನು ಬರೆದುಕೊಟ್ಟರು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವನ್ನು ನಟರಿಗೆ ಓದಲು ಕೊಟ್ಟರು. ಚಿತ್ರಕಥೆಯಿಂದ ಹುಟ್ಟಿದ ಕಾದಂಬರಿ ಸಿನಿಮಾದ ಅಭಿನಯಕ್ಕೆ ಆಸರೆಯಾಯಿತು. ಇದನ್ನು ನಾನು ನಾವೆಲೈಸೇಶನ್ ಪಟ್ಟಿಯಲ್ಲೇ ಇಟ್ಟಿದ್ದೇನೆ, ಆದರೆ ಯಾವುದರಿಂದ ಯಾವುದು ಬಂತು ಅಂತ ತೋರಿಸುವ ಬಾಣದ ಗುರುತನ್ನು ಎರಡೂ ಕಡೆಗೆ ಹಾಕಿದ್ದೇನೆ.