ಇಡೀ ಆಲ್ಬಂ ಫ್ರೀ ಅಂದ್ರೆ ಅದು ಕದ್ದ ಮಾಲಾ?

ಪ್ರಶ್ನೆ: ಇಂಡಿಪೆಂಡೆಂಟ್ ಮ್ಯೂಸಿಷಿಯನ್‌ಗಳ ಆಲ್ಬಂ ಫ್ರೀಯಾಗಿ ಡೌನ್‌ಲೋಡ್ ಮಾಡ್ಕೋಬೋದು ಅಂತಾರಲ್ಲ, ಎಲ್ಲಿ ಸಿಗತ್ತೆ? ಅದು ಲೀಗಲ್ಲೋ ಪೈರೇಟೆಡ್ಡೋ ಅಂತ ನನ್ನಂಥೋರಿಗೆ ಗೊತ್ತಾಗೋದು ಹೇಗೆ?

ಅನುಮಾನ ಬರೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಖಾಲಿ ಕ್ಯಾಸೆಟ್ಟೂ ಹಾಡಿನ ಪಟ್ಟೀನೂ ಅಂಗಡೀಲಿ ಕೊಟ್ಟು ಎರಡು ದಿನ ಬಿಟ್ಟು ಹೋಗಿ ತರ್ತಿದ್ದ ಕಾಲದಿಂದ, ಆಮೇಲೆ ಮೊಬೈಲ್ ಅಂಗಡೀಲಿ ಮೆಮೊರಿ ಕಾರ್ಡ್ ತುಂಬಿಸ್ಕೊಳ್ತಿದ್ದ ಕಾಲದವರೆಗೂ, ನಮಗೆ ಹಾಡು ಅಗ್ಗಕ್ಕೆ ಸಿಗೋದು ಅಂದ್ರೆ ಹಾಡಿದವರಿಗೆ ಗೊತ್ತಿಲ್ದೇ ಸಿಗೋದು ಅಂತಾನೇ ಅಭ್ಯಾಸ ಆಗ್ಬಿಟ್ಟಿದೆ. ಇಲ್ಲಿ ಉಲ್ಟಾ, ಹಾಡಿದವರೇ ತಂದಿಟ್ಟು ತಗೊಳ್ಳಿ ಅಂತಾರೆ. ಹಾಗಾಗಿ ನೋಡ್ಬೇಕಾದ್ದು ಇಷ್ಟೇ: ಆ ಪೇಜು ಯಾರ್ದು, ಅಲ್ಲಿ ಅವರು ಏನಂತ ಬರ್ದಿದಾರೆ.

ಮೊದ್ಲು ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿಗೆ ಹೋಗಿ. 2008ರಿಂದ ಇದೆ, ಇಲ್ಲಿ ಪೇಜು ನಡೆಸೋದು ಆರ್ಟಿಸ್ಟೇ ಅಥವಾ ಅವರ ಸಣ್ಣ ಲೇಬಲ್ಲು (ಆಲ್ಬಂ ಹೊರತರೋ ಕಂಪನಿ), ರೇಟು ಹಾಕೋದೂ ಅವರೇ. ಕೆಲವು ಆಲ್ಬಂ ಕೆಳಗೆ 'ನೇಮ್ ಯುವರ್ ಪ್ರೈಸ್' ಅಂತ ಇರತ್ತೆ, ಅಂದ್ರೆ ನಿಮಗೆ ತೋಚಿದ್ದು ಕೊಡಿ ಅಂತ. ಆ ಬಾಕ್ಸಲ್ಲಿ ಸೊನ್ನೆ ಹಾಕಿ, ಅವರು ಇಷ್ಟಾದ್ರೂ ಕೊಡಿ ಅಂತ ಮಿನಿಮಮ್ ಇಟ್ಟಿಲ್ಲ ಅಂದ್ರೆ ಫ್ರೀ ಡೌನ್‌ಲೋಡ್ ಲಿಂಕ್ ಬರತ್ತೆ. ಕೆಲವರು ಈಮೇಲ್ ಕೇಳ್ತಾರೆ, ಕೊಡಿ, ಅದೇ ಅವರಿಗೆ ಸಿಗೋ ಬೆಲೆ, ಮುಂದಿನ ಆಲ್ಬಂ ಬಂದಾಗ ನಿಮಗೊಂದು ಮೇಲ್ ಹಾಕ್ಬೋದಲ್ಲ. ಇದನ್ನ ಬ್ರೌಸರಲ್ಲೇ ಮಾಡಿ. ಫಾರ್ಮ್ಯಾಟ್ ಕೇಳತ್ತೆ: 320ರ ಎಂಪಿ3, ಅಂದ್ರೆ ಎಂಪಿ3ಯಲ್ಲೇ ಒಳ್ಳೇ ಕ್ವಾಲಿಟೀದು, ತಗೊಂಡ್ರೆ ನಿಮಿಷಕ್ಕೆ ಸುಮಾರು 2.4 ಎಂಬಿ, 40 ನಿಮಿಷದ ಆಲ್ಬಂ 100 ಎಂಬಿ ಒಳಗೇ ಮುಗಿಯತ್ತೆ. ಒಳ್ಳೆ ಹೆಡ್‌ಫೋನ್ ಇದ್ರೆ ಫ್ಲ್ಯಾಕ್ (ಕ್ವಾಲಿಟಿ ಒಂಚೂರೂ ಕಳ್ಕೊಳ್ದಿರೋ ಫೈಲು) ತಗೊಳ್ಳಿ, ಸೈಜು ಎರಡು ಮೂರು ಪಟ್ಟಾಗತ್ತೆ ಅಷ್ಟೆ.

ಆದ್ರೆ ಒಂದ್ ಮಾತು. ಬ್ಯಾಂಡ್‌ಕ್ಯಾಂಪ್‌ನವರು ಒಬ್ಬ ಆರ್ಟಿಸ್ಟಿಗೆ ತಿಂಗಳಿಗೆ 200 ಫ್ರೀ ಡೌನ್‌ಲೋಡ್ ಕೊಡ್ತಾರೆ, ಅದಕ್ಕಿಂತ ಹೆಚ್ಚು ಬೇಕಂದ್ರೆ ಆರ್ಟಿಸ್ಟೇ ದುಡ್ಡು ಕೊಟ್ಟು ಕೊಂಡ್ಕೋಬೇಕು! ಅಂದ್ರೆ ನೀವು ಸೊನ್ನೆ ಹಾಕಿ ಎಳ್ಕೊಂಡು ಆಮೇಲೆ ಕೇಳ್ದೇ ಬಿಸಾಕಿದ್ರೆ ಇನ್ನೊಬ್ಬರ ಪಾಲು ತಿಂದಂಗೆ. ಪೇಜಲ್ಲೇ ಹಾಡು ಪ್ಲೇ ಆಗತ್ತೆ, ಎರಡು ಮೂರು ಕೇಳಿ, ಹಿಡಿಸಿದ್ರೆ ಇಳಿಸ್ಕೊಳ್ಳಿ. ನಾನೂ ಶುರುನಲ್ಲಿ ಮದ್ವೆ ಮನೆ ಊಟಕ್ಕೆ ಕೂತೋನ ಥರ ಕಂಡಿದ್ದೆಲ್ಲಾ ಹಾಕಿಸ್ಕೊಂಡೆ, ಅದರಲ್ಲಿ ಅರ್ಧ ಇವತ್ತಿಗೂ ಓಪನ್ ಮಾಡಿಲ್ಲ.

ಹುಡುಕೋದು ಹೇಗೆ ಅಂದ್ರೆ ಸರ್ಚ್ ಬಾಕ್ಸಿಗಿಂತ ಟ್ಯಾಗ್ ವಾಸಿ. ಪ್ರತಿ ಆಲ್ಬಂ ಕೆಳಗೆ ಶೈಲಿ ಮತ್ತೆ ಊರಿನ ಟ್ಯಾಗ್ ಇರತ್ತೆ, ಬೆಂಗಳೂರು ಅಂತ ಇಂಗ್ಲಿಷಲ್ಲಿ ಹೊಸ ಸ್ಪೆಲ್ಲಿಂಗಲ್ಲೂ ಹಳೇ ಸ್ಪೆಲ್ಲಿಂಗಲ್ಲೂ ಎರಡೂ ಥರ ನೋಡಿ. ಅದಕ್ಕಿಂತ ಒಳ್ಳೇ ದಾರಿ ಅಂದ್ರೆ ಆಲ್ಬಂ ಪಕ್ಕದಲ್ಲಿ ಅದನ್ನ ಕೊಂಡವರ ಪುಟ್ಟ ಪುಟ್ಟ ಫೋಟೋಗಳಿರತ್ವೆ, ಒಂದನ್ನ ಒತ್ತಿದ್ರೆ ಆ ಮನುಷ್ಯನ ಇಡೀ ಕಲೆಕ್ಷನ್ ತೆರ್ಕೊಳತ್ತೆ, ನಿಮ್ಮ ರುಚಿಯವನೇ ಒಬ್ಬ ಸಿಕ್ಬಿಟ್ರೆ ಒಂದು ತಿಂಗಳಿಗೆ ಸಾಕಾಗೋವಷ್ಟು ಸರಕು ಅಲ್ಲೇ ಇರತ್ತೆ.

ಉಳಿದ ಜಾಗಗಳು ಬೇಗ ಹೇಳ್ಬಿಡ್ತೀನಿ. ಫ್ರೀ ಮ್ಯೂಸಿಕ್ ಆರ್ಕೈವ್, 2009ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಡಬ್ಲ್ಯೂಎಫ್‌ಎಂಯು ರೇಡಿಯೋದವರು ಶುರು ಮಾಡಿದ್ದು, ಈಗ ನೆದರ್ಲೆಂಡ್ಸಿನ ಒಂದು ಕಂಪನಿ ಕೈಲಿದೆ. ಜಮೆಂಡೋ ಲಕ್ಸೆಂಬರ್ಗಿಂದು, ಕೇಳೋಕೆ ಫ್ರೀ, ಅಂಗಡಿಗೋ ಜಾಹೀರಾತಿಗೋ ಬೇಕಂದ್ರೆ ದುಡ್ಡು. ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಲೈಬ್ರರೀಲಿ ನೆಟ್‌ಲೇಬಲ್ಸ್ ಅಂತ ಒಂದು ವಿಭಾಗ ಇದೆ, ಸಿಡಿ ಗಿಡಿ ಪ್ರಿಂಟ್ ಮಾಡ್ದೇ ಬರೀ ನೆಟ್ಟಲ್ಲೇ ಆಲ್ಬಂ ಬಿಡ್ತಿದ್ದ ಸಣ್ಣ ಲೇಬಲ್‌ಗಳದ್ದು, ಎಲೆಕ್ಟ್ರಾನಿಕ್ ಮತ್ತೆ ಆಂಬಿಯೆಂಟ್ (ಹಿನ್ನೆಲೇಲಿ ಮೆಲ್ಲಗೆ ಹರಿಯೋ ಸಂಗೀತ) ಇಷ್ಟ ಇರೋರಿಗೆ ಹಬ್ಬ, ಹಾಡು ಬೇಕು ಅನ್ನೋರಿಗೆ ಸ್ವಲ್ಪ ಸಪ್ಪೆ. ಆದ್ರೆ ಇಂಟರ್ನೆಟ್ ಆರ್ಕೈವಲ್ಲಿ ಇದ್ದ ಮಾತ್ರಕ್ಕೆ ಲೀಗಲ್ ಅನ್ಕೋಬೇಡಿ, ಅಲ್ಲಿ ಯಾರು ಬೇಕಾದ್ರೂ ಏನ್ ಬೇಕಾದ್ರೂ ಅಪ್‌ಲೋಡ್ ಮಾಡ್ಬೋದು, ಹಳೇ 78 ಆರ್‌ಪಿಎಂ ಪ್ಲೇಟುಗಳ ವಿಷ್ಯಕ್ಕೆ 2023ರಲ್ಲಿ ದೊಡ್ಡ ದೊಡ್ಡ ಮ್ಯೂಸಿಕ್ ಕಂಪನಿಗಳು ಆರ್ಕೈವ್ ಮೇಲೇ ಕೇಸ್ ಹಾಕಿದ್ವು. ಯಾರು ಹಾಕಿದಾರೆ, 'ಯೂಸೇಜ್' ಅನ್ನೋ ಸಾಲಲ್ಲಿ ಏನಿದೆ ಅಂತ ನೋಡಿ.

ಅಲ್ಲಿ ಸಾಮಾನ್ಯವಾಗಿ ಕಾಣೋದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು, ಅಂದ್ರೆ ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದ್ರೂ ಹಂಚ್ಕೊಳ್ಳಿ ಅಂತ ಹಾಡಿದವರು ಮೊದ್ಲೇ ಕೊಡೋ ಪರ್ಮಿಶನ್ನು, ಮೊದಲ ಸಲ ಬಂದಿದ್ದು 2002ರಲ್ಲಿ. 'ಬೈ' ಅಂದ್ರೆ ಹೆಸ್ರು ಹಾಕಿ, 'ಎನ್‌ಸಿ' ಅಂದ್ರೆ ವ್ಯಾಪಾರಕ್ಕೆ ಬೇಡ, 'ಎಸ್‌ಎ' ಅಂದ್ರೆ ನೀವು ಇದ್ರಿಂದ ಏನಾದ್ರೂ ಮಾಡಿದ್ರೆ ಅದನ್ನೂ ಇದೇ ಷರತ್ತಲ್ಲಿ ಬಿಡಿ, 'ಎನ್‌ಡಿ' ಅಂದ್ರೆ ಬದಲಾಯಿಸ್ಬೇಡಿ. ಈ ಕೊನೇದ್ರಲ್ಲೇ ಜನ ಎಡವೋದು. ನಾನೇನ್ ಹಾಡು ಕತ್ತರಿಸಿದ್ನಾ, ವಿಡಿಯೋ ಹಿನ್ನೆಲೇಲಿ ಹಾಕ್ದೆ ಅಷ್ಟೇ ಅಂತಾರೆ, ಆದ್ರೆ ವಿಡಿಯೋಗೆ ಹಾಡು ಕೂಡಿಸೋದೇ ಈ ಲೈಸೆನ್ಸ್ ಲೆಕ್ಕದಲ್ಲಿ ಬದಲಾವಣೆ. ನಿಮ್ಮ ಅಡುಗೆ ಚಾನೆಲ್ಲಿನ ಅಕ್ಕಿರೊಟ್ಟಿ ವಿಡಿಯೋಗೆ ಎನ್‌ಡಿ ಹಾಡು ಹಾಕಂಗಿಲ್ಲ. ಇನ್ನು ಬ್ಯಾಂಡ್‌ಕ್ಯಾಂಪಲ್ಲಿ ಫ್ರೀ ಕೊಟ್ಟಿರೋ ಎಷ್ಟೋ ಆಲ್ಬಂ ಕೆಳಗೆ 'ಆಲ್ ರೈಟ್ಸ್ ರಿಸರ್ವ್ಡ್' ಅಂತಾನೇ ಇರತ್ತೆ, ಅಂದ್ರೆ ನೀವು ಕೇಳ್ಕೊಳ್ಳಿ, ಊರಿಗೆಲ್ಲಾ ಹಂಚ್ಬೇಡಿ.

ಕನ್ನಡದ ಹಾಡಲ್ಲಿ ಇನ್ನೊಂದು ಸಿಕ್ಕು ಇದೆ. ಒಬ್ಬ ಹುಡುಗಿ ಮನೇಲಿ ಕೂತು ಬೇಂದ್ರೆ ಕವಿತೆ ಹಾಡಿ ಫ್ರೀಯಾಗಿ ಬಿಟ್ಲು ಅನ್ಕೊಳ್ಳಿ, ರೆಕಾರ್ಡಿಂಗ್ ಅವಳದ್ದು, ಕವಿತೆ ಅವಳದ್ದಲ್ಲ. ಬೇಂದ್ರೆ ತೀರ್ಕೊಂಡಿದ್ದು 1981ರಲ್ಲಿ, ನಮ್ಮ ಕಾನೂನಲ್ಲಿ ಬರೆದವರು ಹೋದ್ಮೇಲೆ 60 ವರ್ಷ ಕಾಪಿರೈಟ್, ಅಂದ್ರೆ 2041 ಮುಗಿಯೋವರೆಗೂ. ವಚನಕ್ಕೆ, ದಾಸರ ಪದಕ್ಕೆ ಈ ತಾಪತ್ರಯ ಇಲ್ಲ. ಶಿಶುನಾಳ ಶರೀಫರು ಹೋಗಿದ್ದು 1889ರಲ್ಲಿ, ಹಾಗಾಗಿ ಗಿಟಾರ್ ಹಿಡಿದೋರೆಲ್ಲಾ ಶರೀಫರ ಪದ ಹಾಡ್ಬೋದು, ಹಾಡ್ತಾನೂ ಇದಾರೆ. ಆದ್ರೆ ಸಿ. ಅಶ್ವತ್ಥ್ ಹಾಕಿದ ಟ್ಯೂನಲ್ಲೇ ಹಾಡಿದ್ರೆ ಆ ಟ್ಯೂನ್ ಇನ್ನೂ ಕಾಪಿರೈಟಲ್ಲಿದೆ. ಕೇಳೋರಿಗೆ ಇದ್ರಿಂದ ತೊಂದ್ರೆ ಇಲ್ಲ, ಅದನ್ನ ತಗೊಂಡು ಮತ್ತೆಲ್ಲಾದ್ರೂ ಬಳಸ್ತೀನಿ ಅನ್ನೋರು ಎರಡು ಸಲ ಯೋಚ್ನೆ ಮಾಡಿ.

ಇಷ್ಟಕ್ಕೂ ಯಾಕೆ ಫ್ರೀ ಕೊಡ್ತಾರೆ, ಹುಚ್ಚಾ ಅಂತ ಕೇಳ್ತಾರೆ ಕೆಲವ್ರು. 2008ರಲ್ಲಿ ಅಮೆರಿಕದ ನೈನ್ ಇಂಚ್ ನೇಲ್ಸ್ ಅನ್ನೋ ರಾಕ್ ಬ್ಯಾಂಡ್ ದೊಡ್ಡ ಲೇಬಲ್ ಬಿಟ್ಟು ಬಂದು 36 ಟ್ರ್ಯಾಕಿನ ವಾದ್ಯಸಂಗೀತದ ಆಲ್ಬಂ ಮಾಡ್ತು, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲೇ, ಅಂದ್ರೆ ಜನ ಒಬ್ರಿಗೊಬ್ರು ಲೀಗಲ್ಲಾಗಿ ಹಂಚ್ಕೋಬೋದಿತ್ತು. ಆ ವರ್ಷ ಅಮೆಜಾನಲ್ಲಿ ಅತಿ ಹೆಚ್ಚು ಮಾರಾಟ ಆದ ಎಂಪಿ3 ಆಲ್ಬಂ ಅದೇ! ಸರಿ, ಅವರಿಗೆ ಮೊದ್ಲೇ ಹೆಸರಿತ್ತು, ಹೊಸಬರಿಗೆ ಹಾಗಾಗಲ್ಲ ಅನ್ನೋದೂ ನಿಜ. ಹೊಸಬರು ಕೊಡೋದು ಯಾರಾದ್ರೂ ಒಂದ್ಸಲ ಕೇಳ್ಲಿ ಅಂತ. ಹಿಡಿಸಿದ್ರೆ ನೂರು ರೂಪಾಯಿ ಹಾಕಿ, ಬ್ಯಾಂಡ್‌ಕ್ಯಾಂಪ್ ನೂರಕ್ಕೆ 15 ಇಟ್ಕೊಳತ್ತೆ, 2020ರಿಂದ ನಡ್ಕೊಂಡ್ ಬಂದಿರೋ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ (ಎಲ್ಲಾ ಶುಕ್ರವಾರ ಅಲ್ಲ, ಅವರೇ ಗೊತ್ತುಮಾಡಿ ಹೇಳೋ ಕೆಲವು) ಅದನ್ನೂ ಬಿಡತ್ತೆ, ಹಾಗಾಗಿ ನಾನು ಕೊಡೋದಿದ್ರೆ ಆ ಶುಕ್ರವಾರಕ್ಕೆ ಕಾಯ್ತೀನಿ.

ಡೌನ್‌ಲೋಡ್ ಮಾಡಿದ ದಿನಾನೇ ಲೈಸೆನ್ಸ್ ಕಾಣೋ ಹಂಗೆ ಆ ಪೇಜಿನ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಲ್ಲಿ ಇಟ್ಬಿಡಿ. ಆರ್ಟಿಸ್ಟ್ ಮನಸ್ಸು ಬದಲಾಯಿಸಿ ಪೇಜು ಎತ್ತಾಕ್ಬೋದು, ಆದ್ರೆ ಕ್ರಿಯೇಟಿವ್ ಕಾಮನ್ಸಲ್ಲಿ ತಗೊಂಡಿದ್ರೆ, ಷರತ್ತು ಪಾಲಿಸ್ತಿರೋವರೆಗೂ, ಆಗ ಕೊಟ್ಟ ಪರ್ಮಿಶನ್ ನಿಮ್ಮಿಂದ ವಾಪಸ್ ತಗೊಳ್ಳೋಕೆ ಬರಲ್ಲ.