ಬೆವರು ಸುರಿದರೆ ಸಾಲದು, ಆರಬೇಕು

ಬಿಸಿಲಲ್ಲಿ ವ್ಯಾಯಾಮ ಮಾಡಿದ ಮೇಲೆ ಮೈ ಹೇಗೆ ತಣ್ಣಗಾಗುತ್ತದೆ ಅನ್ನುವ ಪಾಠದಲ್ಲಿ ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದೆ. ಈಗಷ್ಟೇ ತಲೆಗೆ ಹೋಗಿದೆ, ಮರೆಯುವ ಮೊದಲು ಬರೆದಿಡುತ್ತೇನೆ.

ಸುಲಭದ್ದು ಮೊದಲು. ಸ್ನಾಯು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಶಾಖ. ರಕ್ತ ಅದನ್ನು ಚರ್ಮಕ್ಕೆ ತರುತ್ತದೆ. ಅಲ್ಲಿಂದ ಹೊರಗೆ ನಾಲ್ಕು ದಾರಿ: ವಹನ (ಮುಟ್ಟಿದ ವಸ್ತುವಿಗೆ), ಸಂವಹನ (ಹರಿಯುವ ಗಾಳಿ, ನೀರಿನ ಜೊತೆ), ವಿಕಿರಣ (ಮುಟ್ಟದೆಯೇ ಕಿರಣವಾಗಿ), ಆವಿಯಾಗುವಿಕೆ. ಸುತ್ತಲೂ ಚರ್ಮದಷ್ಟೇ ಬಿಸಿ, ಅಂದರೆ ಸುಮಾರು 35 ಡಿಗ್ರಿ ಇದ್ದರೆ ಮೊದಲ ಮೂರು ಬಂದ್. ಉಳಿಯುವುದು ಬೆವರೊಂದೇ.

ಇಲ್ಲೇ ನಾನು ಎಡವಿದ್ದು. ಬೆವರು ಸುರಿಯುತ್ತಿದೆ ಅಂದರೆ ಮೈ ತಂಪಾಗುತ್ತಿದೆ ಅಂದುಕೊಂಡಿದ್ದೆ. ಅಲ್ಲ. ಹನಿಯಾಗಿ ನೆಲಕ್ಕೆ ಬಿದ್ದ ಬೆವರು ಮೈಯಷ್ಟೇ ಬೆಚ್ಚಗಿರುತ್ತದೆ, ಅದು ಹೋದರೆ ನೀರು ನಷ್ಟ ಅಷ್ಟೇ, ತಂಪು ಸೊನ್ನೆ. ಚರ್ಮದ ಮೇಲೇ ಆವಿಯಾದರೆ ಮಾತ್ರ ಒಂದೊಂದು ಗ್ರಾಂ ಸುಮಾರು 2.4 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಗುಪ್ತೋಷ್ಣ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಲೆಕ್ಕ ಹಾಕಿದ ಮೇಲೆ ಪೂರ್ತಿ ನಂಬಿಕೆ ಬಂತು. 1 ಕೆಜಿ ದೇಹವನ್ನು 1 ಡಿಗ್ರಿ ಇಳಿಸಲು ಸುಮಾರು 3.5 ಕಿಲೋಜೂಲ್ ತೆಗೆಯಬೇಕು. 70 ಕೆಜಿಗೆ 245. ಅಂದರೆ 100 ಗ್ರಾಂ ಬೆವರು ಪೂರ್ತಿ ಆರಿದರೆ ಸಾಕು, ಮೈ 1 ಡಿಗ್ರಿ ಇಳಿಯಬಹುದು (ಒಳಗೆ ಹೊಸ ಶಾಖ ಹುಟ್ಟದಿದ್ದರೆ). ಅದೇ ಲೀಟರ್‌ಗಟ್ಟಲೆ ತೊಟ್ಟಿಕ್ಕಿದರೂ ಏನೂ ಇಲ್ಲ! ಸೆಖೆಯ ದಿನ 32 ಡಿಗ್ರಿಯೂ ಒಣ ಹವೆಯ 38ಕ್ಕಿಂತ ಕಷ್ಟವಾಗಬಹುದು ಅನ್ನುವುದು ಇದಕ್ಕೇ, ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಬೆವರು ಎಲ್ಲಿಗೆ ಹೋಗಬೇಕು?

ನನ್ನ ನೆನಪಿನ ಗುಟ್ಟು: ಬಟ್ಟೆ ಆರಿತು ಅಂತೀವಿ, ಬಿಸಿನೀರು ಆರಿತು ಅಂತಲೂ ಅಂತೀವಿ. ಒಣಗುವುದಕ್ಕೂ ತಣ್ಣಗಾಗುವುದಕ್ಕೂ ಒಂದೇ ಪದ. ಬೆವರು ಆರಿದರೆ ಮೈ ಆರುತ್ತದೆ. ಪರೀಕ್ಷೆಗೆ ಇಷ್ಟು ನೆನಪಿದ್ದರೂ ಉಳಿದದ್ದು ಬರೆಯಬಹುದು.

ಇನ್ನು ವ್ಯಾಯಾಮ ನಿಲ್ಲಿಸಿದ ಮೇಲೆ. ತಟ್ಟನೆ ನಿಂತರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತಬಹುದು, ಹಾಗಾಗಿ ನೆರಳಲ್ಲಿ 5-10 ನಿಮಿಷ ನಿಧಾನವಾಗಿ ನಡೆಯಬೇಕು. ವಿಚಿತ್ರ ಅಂದರೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಬೆವರೂ ಚರ್ಮದ ರಕ್ತವೂ ಇಳಿಯುತ್ತವೆ, ಒಳಗಿನ ಬಿಸಿ ಮಾತ್ರ ಇನ್ನೂ ಇರುತ್ತದೆ. ಅದಕ್ಕೇ ಹೊರಗಿನ ಸಹಾಯ: ಮೈಗೆ ನೀರು ಚಿಮುಕಿಸಿ ಫ್ಯಾನ್ ಮುಂದೆ ಕೂರುವುದು. ನೀರು ಐಸ್‌ನಂತಿರಬೇಕಿಲ್ಲ. 20 ಡಿಗ್ರಿಯ 1 ಗ್ರಾಂ ನೀರು ಚರ್ಮದಷ್ಟು ಬೆಚ್ಚಗಾಗಲು ಎಳೆದುಕೊಳ್ಳುವುದು 0.06 ಕಿಲೋಜೂಲ್, ಆವಿಯಾದರೆ ಅದರ ಸುಮಾರು 40 ಪಟ್ಟು. ಬಿಸಿಗಾಳಿಯಲ್ಲಿ ಒಣ ಮೈಗೆ ಫ್ಯಾನ್ ಹಾಕಿದರೆ ಮಾತ್ರ ಉಲ್ಟಾ, ಬಿಸಿ ಒಳಗೇ ಬರುತ್ತದೆ.

ತಣ್ಣೀರು ಕುಡಿಯುವುದು? 5 ಡಿಗ್ರಿಯ ಅರ್ಧ ಲೀಟರ್ ಸುಮಾರು 67 ಕಿಲೋಜೂಲ್ ಎಳೆದುಕೊಳ್ಳುತ್ತದೆ, ಅಂದರೆ 70 ಕೆಜಿ ಮೈ ಇಳಿಯುವುದು ಕಾಲು ಡಿಗ್ರಿ ಚಿಲ್ಲರೆ. ಕುಡಿಯುವುದು ಮುಖ್ಯವಾಗಿ ಹೋದ ನೀರು ತುಂಬಲು. ವ್ಯಾಯಾಮಕ್ಕೆ ಮೊದಲು, ಆಮೇಲೆ ತೂಕ ನೋಡಿದರೆ ಗೊತ್ತಾಗುತ್ತದೆ: 1 ಕೆಜಿ ಇಳಿದಿದ್ದರೆ ಸುಮಾರು 1 ಲೀಟರ್ ಹೋಗಿದೆ. ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀರಿ, ರಕ್ತದ ಸೋಡಿಯಂ ಇಳಿಯುವ ಅಪಾಯ ಇದೆ.

ಬಿಸಿಲಾಘಾತ ಬೇರೆಯೇ ಕಥೆ. ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು, ಒಳಗಿನ ಬಿಸಿ 40 ದಾಟುವುದು. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಕತ್ತಿನವರೆಗೆ ತಣ್ಣೀರಲ್ಲಿ ಮುಳುಗಿಸಬೇಕು, ತಲೆ ನೀರಿಗೆ ಮುಳುಗದಂತೆ ಹಿಡಿದುಕೊಂಡೇ ಇರಬೇಕು. ತಣ್ಣೀರಿಗೆ ರಕ್ತನಾಳ ಕುಗ್ಗಿ ಬಿಸಿ ಒಳಗೇ ಉಳಿಯಲ್ವಾ ಅಂತ ನಾನೂ ಕೇಳಿದ್ದೆ. ಕುಗ್ಗುವುದು ನಿಜ, ಆದರೆ ನೀರಿನ ಶಾಖ ವಾಹಕತೆ ಗಾಳಿಯ ಸುಮಾರು 25 ಪಟ್ಟು, ಆ ಎಳೆತದ ಮುಂದೆ ನಾಳ ಕುಗ್ಗಿದ್ದು ಲೆಕ್ಕಕ್ಕೇ ಬರುವುದಿಲ್ಲ.